ಆಡುವವರು ಅಲ್ಲಿ, ಎದೆಬಡಿತ ಇಲ್ಲಿ

2024ನೆಯ ಇಸವಿಯ ಜನವರಿ 27, ಶನಿವಾರ. ಆಸ್ಟ್ರೇಲಿಯದ ಮೆಲ್ಬೋರ್ನ್ ನಗರದ ರಾಡ್ ಲೇವರ್ ಕ್ರೀಡಾಂಗಣದಲ್ಲಿ ಪುರುಷರ ಡಬಲ್ಸ್ ಟೆನ್ನಿಸಿನ ಅಂತಿಮ ಪಂದ್ಯ. ಒಂದು ಪಕ್ಷದಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣನವರು ಮತ್ತು ಆಸ್ಟ್ರೇಲಿಯದ ಮ್ಯಾಥ್ಯೂ ಎಬ್ಡನ್. ಎದುರು ಪಕ್ಷದಲ್ಲಿ ಇಟಲಿಯ ಸಿಮೋನೆ ಬೊಲೆಲ್ಲಿ ಮತ್ತು ಆಂದ್ರೆಯಾ ವವಸ್ಸೋರಿ. ಮೊದಲನೆಯ ಸೆಟ್ಟು 6-6ಕ್ಕೆ ಬಂದು ನಿಂತಿತು. ಟೈಬ್ರೇಕಿನಲ್ಲಿ ಬೋಪಣ್ಣನವರ ಜೋಡಿ ಒಂದು ಅಂಕವನ್ನೂ ಬಿಟ್ಟುಕೊಡದೆ 7-0 ಎಂದು ಗೆದ್ದಿತು. ಎರಡನೆಯ ಸೆಟ್ಟು 7-5. ಆಗ ಬೋಪಣ್ಣನವರ ವಯಸ್ಸು 43 ವರ್ಷ. ಓಪನ್ ಯುಗವೆಂದು ಕರೆಯಲಾಗುವ 1968ರಿಂದ ಈಚಿನ ಕಾಲದಲ್ಲಿ ಅಷ್ಟು ಹಿರಿಯ ವಯಸ್ಸಿನಲ್ಲಿ ಗ್ರ್ಯಾಂಡ್ ಸ್ಲಾಮ್ ಪುರುಷರ ಡಬಲ್ಸ್ ಪ್ರಶಸ್ತಿಯನ್ನು ಅದುವರೆಗೆ ಯಾರೂ ಗಳಿಸಿರಲಿಲ್ಲ.

ಈ ಪಂದ್ಯವನ್ನು ಹಗರಿಬೊಮ್ಮನಹಳ್ಳಿಯಲ್ಲೋ ಕೂಡ್ಲಿಗಿಯಲ್ಲೋ ದೂರದರ್ಶನದ ಮುಂದೆ ಕುಳಿತು ನೋಡುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿರಿ. ಟೆನ್ನಿಸಿನ ಅಂಗಳಕ್ಕಿಂತ ಕಬಡ್ಡಿಯ ಅಂಗಳವೇ ಅವನಿಗೆ ಹೆಚ್ಚು ಪರಿಚಿತ. ಮೆಲ್ಬೋರ್ನ್ ಅವನಿಂದ ಸುಮಾರು 9,000 ಕಿಲೋಮೀಟರು ದೂರ. ಅವನು ಓಡುತ್ತಿಲ್ಲ, ನೆಗೆಯುತ್ತಿಲ್ಲ, ಚಾಪೆಯ ಮೇಲೆ ಕುಳಿತಿದ್ದಾನೆ. ಆದರೂ ಟೈಬ್ರೇಕ್ ಆರಂಭವಾದೊಡನೆ ಅವನ ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಎದೆ ಡವಡವನೆ ಹೊಡೆದುಕೊಳ್ಳುತ್ತದೆ. ಆಡುವವನ ಎದೆ ಬಡಿದುಕೊಂಡರೆ ಅದಕ್ಕೆ ಕಾರಣ ಸ್ಪಷ್ಟವಾಗಿದೆ. ನೋಡುವವನಿಗೇಕೆ ಈ ಶ್ರಮ?

ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ವಾಲ್ಟರ್ ಕ್ಯಾನನ್ ಎಂಬುವರು ಭಯ, ಕೋಪ, ಹಸಿವು, ನೋವುಗಳಿಂದ ದೇಹದಲ್ಲಾಗುವ ಮಾರ್ಪಾಡುಗಳನ್ನು ಕುರಿತು 1915ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ತಮ್ಮ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡದ 25 ಮಂದಿಯ ಮೂತ್ರವನ್ನು ಋತುವಿನ ಕೊನೆಯ ಮಹತ್ವದ ಪಂದ್ಯ ಮುಗಿದ ಕೂಡಲೆ ಪರೀಕ್ಷಿಸಿದ ವೃತ್ತಾಂತ ಅದರಲ್ಲಿದೆ. ಹನ್ನೆರಡು ಮಂದಿಯ ಮೂತ್ರದಲ್ಲಿ ಸಕ್ಕರೆ ಕಂಡುಬಂದಿತು. ಇದರಲ್ಲಿ ಸ್ವಾರಸ್ಯವೇನೆಂದರೆ, ಆ ಹನ್ನೆರಡರಲ್ಲಿ ಐವರು ಅಂಗಳಕ್ಕೆ ಇಳಿಯಲೇ ಇಲ್ಲ. ಕರೆ ಬರಬಹುದೆಂದು ಕಾದು ಕುಳಿತಿದ್ದ ಬದಲಿ ಆಟಗಾರರು ಅವರು. ಉದ್ವಿಗ್ನನಾಗಿ ಆಟ ನೋಡಿದ ಒಬ್ಬ ಪ್ರೇಕ್ಷಕನನ್ನೂ ಪರೀಕ್ಷಿಸಲಾಯಿತು. ಅವನ ಮೂತ್ರದಲ್ಲಿಯೂ ಸಕ್ಕರೆ ಇದ್ದಿತು. ಮರುದಿನ ಅದು ಮಾಯವಾಗಿದ್ದಿತು. ಸ್ನಾಯುಗಳ ಉಪಯೋಗಕ್ಕೆಂದು ದೇಹವು ರಕ್ತಕ್ಕೆ ಸುರಿದ ಇಂಧನವು ಖರ್ಚಾಗದೆ ಹೊರಬಿದ್ದುದೇ ಆ ಸಕ್ಕರೆ.

ನಮ್ಮ ದೇಹದಲ್ಲಿ ನಮ್ಮ ಇಚ್ಛೆಗೆ ಒಳಪಡದ ಒಂದು ನರಮಂಡಲವುಂಟು. ಅದರಲ್ಲಿ ಎರಡು ಶಾಖೆಗಳಿವೆ. ಒಂದು ಬಂಡಿಯನ್ನು ಓಡಿಸುವಂತಹುದು, ಇನ್ನೊಂದು ಕಡಿವಾಣ ಎಳೆಯುವಂತಹುದು ಎನ್ನಬಹುದು. ಅಪಾಯವೋ ಪೈಪೋಟಿಯೋ ಎದುರಾಯಿತೆಂದು ಮಿದುಳು ತೀರ್ಮಾನಿಸಿದರೆ, ಹೃದಯವನ್ನು ನಿಧಾನಗೊಳಿಸುವ ವೇಗಸ್ ನರದ ಹಿಡಿತ ಸಡಿಲುತ್ತದೆ. ಅನುವೇದಕ ನರಗಳು ಚುರುಕಾಗುತ್ತವೆ. ಮೂತ್ರಪಿಂಡಗಳ ತಲೆಯ ಮೇಲೆ ಟೋಪಿಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತವೆ. ಯಕೃತ್ತು ಸಕ್ಕರೆಯನ್ನು ಬಿಡುಗಡೆ ಮಾಡುತ್ತದೆ, ಜೀರ್ಣಕ್ರಿಯೆ ಹಿಂದೆ ಸರಿಯುತ್ತದೆ, ಜೊಲ್ಲು ಬತ್ತುತ್ತದೆ, ಅಂಗೈ ಬೆವರುತ್ತದೆ. ಕಾಡಿನಲ್ಲಿ ಬದುಕುತ್ತಿದ್ದ ನಮ್ಮ ಪೂರ್ವಿಕರಿಗೆ ಇದು ಪ್ರಾಣ ಉಳಿಸುವ ಏರ್ಪಾಡು. ಆ ನರಮಂಡಲವು ಗಮನಿಸುವುದು ಒಂದನ್ನೇ: ಈ ಸಂಗತಿ ನನಗೆ ಮುಖ್ಯವೋ ಅಲ್ಲವೋ? ಆಟ ನಡೆದಿರುವುದು ಪರದೆಯ ಮೇಲೋ ಕಣ್ಣೆದುರಿಗೋ ಎಂಬ ವಿವೇಚನೆ ಅದಕ್ಕೆ ಅಷ್ಟಾಗಿ ಇಲ್ಲ.

ಅಷ್ಟಾಗಿ ಇಲ್ಲ ಎಂದೆನಲ್ಲದೆ, ಸ್ವಲ್ಪವೂ ಇಲ್ಲ ಎನ್ನಲಿಲ್ಲ. ಕೆನಡದ ಮಾಂಟ್ರಿಯಲಿನಲ್ಲಿ ಐಸ್ ಹಾಕಿ ಪಂದ್ಯವನ್ನು ನೋಡಿದ 20 ಮಂದಿ ಆರೋಗ್ಯವಂತರ ನಾಡಿಯನ್ನು ಅಳೆದು 2017ರಲ್ಲಿ ಪ್ರಕಟಿಸಿದ ಒಂದು ಸಂಶೋಧನೆಯುಂಟು. ದೂರದರ್ಶನದಲ್ಲಿ ನೋಡಿದವರ ಹೃದಯದ ಬಡಿತ ಸರಾಸರಿ ಶೇಕಡ 75ರಷ್ಟು ಏರಿದರೆ, ಕ್ರೀಡಾಂಗಣದಲ್ಲಿಯೇ ಕುಳಿತು ನೋಡಿದವರದು ಶೇಕಡ 110ರಷ್ಟು ಏರಿತು. ಅಂದರೆ ದುಪ್ಪಟ್ಟನ್ನೂ ಮೀರಿತು. ಬಿರುಸಾದ ವ್ಯಾಯಾಮದಲ್ಲಿ ಆಗುವಷ್ಟು ಏರಿಕೆ ಇದು. ಬಡಿತ ಶಿಖರ ಮುಟ್ಟಿದುದು ಗೋಲು ಆಗುವಂತಿದ್ದ ಸಂದರ್ಭಗಳಲ್ಲಿ ಮತ್ತು ಹೆಚ್ಚುವರಿ ಅವಧಿಯ ಆಟದಲ್ಲಿ.

ಗುಂಪಿನಲ್ಲಿದ್ದಾಗ ಉದ್ವೇಗ ಹೆಚ್ಚುವುದನ್ನು ತಿಳಿಯಲು ಹಡಗಲಿಯ ಸೀಮೆಯವರು ಕೆನಡಕ್ಕೆ ಹೋಗಬೇಕಾಗಿಲ್ಲ. ಮೈಲಾರದ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುತ್ತಾರೆ; ಕಾರಣಿಕದ ನುಡಿ ಹೊರಬಿದ್ದ ಮೇಲೆ ಆ ಮೌನ ಒಮ್ಮೆಲೇ ಒಡೆಯುತ್ತದೆ. ಇದನ್ನು ಕಂಡವರಿಗೆ, ಸರ್ವೀಸಿಗೆ ಮೊದಲು ಟೆನ್ನಿಸ್ ಅಂಗಳವನ್ನು ಕವಿಯುವ ಮೌನವೂ ಅಂಕ ಮುಗಿದೊಡನೆ ಏಳುವ ಭೋರ್ಗರೆತವೂ ಅಪರಿಚಿತವೆನಿಸವು. ಒಂದು ಭಕ್ತಿಯ ವಿಷಯ, ಇನ್ನೊಂದು ವಿನೋದದ ವಿಷಯ. ಶರೀರದ ವರ್ತನೆ ಮಾತ್ರ ಒಂದೇ ಜಾತಿಯದು.

ಸ್ಪೇನಿನ ಸ್ಯಾನ್ ಪೆದ್ರೋ ಮನ್ರೀಕೆ ಎಂಬ ಹಳ್ಳಿಯಲ್ಲಿ ನಮ್ಮಲ್ಲಿಯಂತೆಯೇ ಕೊಂಡ ಹಾಯುವ ಪದ್ಧತಿಯಿದೆ. ಅಲ್ಲಿ ಕೆಂಡ ತುಳಿಯುವವರ ಮತ್ತು ನೋಡುವವರ ಹೃದಯದ ಬಡಿತಗಳನ್ನು ಏಕಕಾಲದಲ್ಲಿ ದಾಖಲೆ ಮಾಡಿದ ವಿಜ್ಞಾನಿಗಳು 2011ರಲ್ಲಿ ತಮ್ಮ ಫಲಿತಾಂಶವನ್ನು ಹೊರತಂದರು. ಕೆಂಡ ತುಳಿಯುವವನ ಬಂಧುಗಳು, ಸ್ನೇಹಿತರು ಸುಮ್ಮನೆ ಕುಳಿತಿದ್ದರೂ ಅವರ ಬಡಿತದ ಏರಿಳಿತವು ಅವನ ಬಡಿತದ ಏರಿಳಿತಕ್ಕೆ ಹೊಂದಿಕೊಂಡಿದ್ದಿತು. ಸಂಬಂಧವಿಲ್ಲದ ಪ್ರೇಕ್ಷಕರಲ್ಲಿ ಈ ಹೊಂದಾಣಿಕೆ ಕಾಣಲಿಲ್ಲ. ಎಲ್ಲರ ಕಣ್ಣಿಗೂ ಬಿದ್ದ ದೃಶ್ಯ ಒಂದೇ; ‘ಇವನು ನಮ್ಮವನು’ ಎಂಬ ಭಾವವೇ ವ್ಯತ್ಯಾಸವನ್ನು ಉಂಟುಮಾಡಿತು.

ಎಲ್ಲ ಆಟಗಳಿಗಿಂತ ಟೆನ್ನಿಸೇ ಅಭಿಮಾನಿಯನ್ನು ಹೆಚ್ಚು ಗೋಳಾಡಿಸುತ್ತದೆಂದು ನನ್ನ ಮತ. ಇದರಲ್ಲಿ ಗಡಿಯಾರವಿಲ್ಲ. ಕಬಡ್ಡಿಯಲ್ಲಿ ಹತ್ತು ಅಂಕ ಮುಂದಿದ್ದು ಒಂದೇ ನಿಮಿಷ ಉಳಿದಿದ್ದರೆ ನಿಶ್ಚಿಂತೆಯಿಂದಿರಬಹುದು. ಟೆನ್ನಿಸಿನಲ್ಲಿ ಕೊನೆಯ ಅಂಕವನ್ನು ಗೆದ್ದಹೊರತು ಪಂದ್ಯ ಮುಗಿಯದು. 2019ರ ಜುಲೈ 14ರಂದು ವಿಂಬಲ್ಡನ್ನಿನ ಅಂತಿಮ ಪಂದ್ಯದ ಐದನೆಯ ಸೆಟ್ಟಿನಲ್ಲಿ ರೋಜರ್ ಫೆಡರರ್ 8-7ರಿಂದ ಮುಂದಿದ್ದು, ತಮ್ಮದೇ ಸರ್ವೀಸಿನಲ್ಲಿ 40-15ನ್ನು ತಲಪಿದ್ದರು. ಬೇಕಾದುದು ಇನ್ನೊಂದೇ ಅಂಕ. ಅದಕ್ಕೆ ಎರಡು ಅವಕಾಶಗಳು. ಎರಡನ್ನೂ ನೊವಾಕ್ ಜೊಕೊವಿಚ್ ಕಸಿದುಕೊಂಡು, ಕೊನೆಗೆ 13-12ರಿಂದ ಆ ಸೆಟ್ಟನ್ನೂ ಪಂದ್ಯವನ್ನೂ ಗೆದ್ದರು. ಆಟ ನಡೆದುದು 4 ಗಂಟೆ 57 ನಿಮಿಷ. ಗಳಿಸಿದ ಒಟ್ಟು ಅಂಕಗಳನ್ನು ಎಣಿಸಿದರೆ ಫೆಡರರಿಗೆ 218, ಜೊಕೊವಿಚ್ಚರಿಗೆ 204! ಹೆಚ್ಚು ಅಂಕ ಗಳಿಸಿದವರು ಸೋತರು. ಅಂಕಗಳನ್ನು ಗೇಮುಗಳಾಗಿಯೂ ಗೇಮುಗಳನ್ನು ಸೆಟ್ಟುಗಳಾಗಿಯೂ ಕಟ್ಟುವ ಈ ಆಟದಲ್ಲಿ ಎಲ್ಲ ಅಂಕಗಳ ಬೆಲೆ ಒಂದೇ ಅಲ್ಲ.

ಆ 40-15ರ ಘಳಿಗೆಯಲ್ಲಿ ಫೆಡರರ್ ಅಭಿಮಾನಿಯ ಮಿದುಳಿನಲ್ಲಿ ಏನಾಗಿದ್ದಿರಬೇಕು? ವುಲ್ಫ್ರಾಮ್ ಶುಲ್ಟ್ಸ್ ಎಂಬ ವಿಜ್ಞಾನಿಯು 1990ರ ದಶಕದಲ್ಲಿ ಕೋತಿಗಳ ಮೇಲೆ ನಡೆಸಿದ ಪ್ರಯೋಗಗಳು ಇದಕ್ಕೆ ಸುಳಿವು ಕೊಡುತ್ತವೆ. ಮಿದುಳಿನ ಆಳದಲ್ಲಿರುವ ಕೆಲವು ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಕೋತಿಗೆ ಹಣ್ಣಿನ ರಸ ಅನಿರೀಕ್ಷಿತವಾಗಿ ದೊರೆತಾಗ ಈ ಕೋಶಗಳು ಉತ್ತೇಜನಗೊಂಡುವು. ರಸ ಬರುವ ಮುನ್ಸೂಚನೆಯನ್ನು ಕೋತಿ ಕಲಿತ ಮೇಲೆ ಮುನ್ಸೂಚನೆಗೇ ಉತ್ತೇಜನಗೊಂಡುವೇ ಹೊರತು ರಸಕ್ಕಲ್ಲ. ಮುನ್ಸೂಚನೆಯಾದರೂ ರಸ ಬಾರದಿದ್ದಾಗ, ಅದು ಬರಬೇಕಾಗಿದ್ದ ಕ್ಷಣದಲ್ಲಿಯೇ ಅವುಗಳ ಚಟುವಟಿಕೆ ಎಂದಿಗಿಂತಲೂ ಕೆಳಗೆ ಕುಸಿಯಿತು. ಅಂಗೈಗೆ ಬಂದುದು ಬಾಯಿಗೆ ಬಾರದ ಸಂಕಟಕ್ಕೆ ಹೀಗೊಂದು ನರದ ಲೆಕ್ಕವಿದೆ. ಎರಡು ಸೆಟ್ಟುಗಳನ್ನು ಸಲೀಸಾಗಿ ಸೋತವನ ಅಭಿಮಾನಿ ಅಷ್ಟು ನೋಯುವುದಿಲ್ಲ. ಒಂದೇ ಅಂಕದ ದೂರದಲ್ಲಿ ಸೋತವನ ಅಭಿಮಾನಿಗೆ ನಿದ್ದೆ ಬಾರದು.

ಅಭಿಮಾನಿಯ ಇನ್ನೊಂದು ವಿಚಿತ್ರವೆಂದರೆ, ತಾನು ಕದಲಿದರೆ ಆಟ ಕೆಟ್ಟೀತೆಂಬ ನಂಬಿಕೆ. ಕುಳಿತ ಜಾಗ ಬಿಟ್ಟೇಳನು, ಬೇರೆಯವರನ್ನೂ ಏಳಗೊಡನು. ಎಲೆನ್ ಲ್ಯಾಂಗರ್ ಎಂಬ ಮನಶ್ಶಾಸ್ತ್ರಜ್ಞೆ 1975ರಲ್ಲಿ ಇದಕ್ಕೆ ‘ಹತೋಟಿಯ ಭ್ರಮೆ’ ಎಂಬರ್ಥದ ಹೆಸರಿಟ್ಟರು. ಲಾಟರಿ ಚೀಟಿಯನ್ನು ತಾವೇ ಆರಿಸಿಕೊಂಡವರು ಅದನ್ನು ಮಾರಲು, ಸುಮ್ಮನೆ ಕೊಟ್ಟದ್ದನ್ನು ಪಡೆದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಬೆಲೆ ಕೇಳಿದರಂತೆ!

ಈ ಉದ್ವೇಗವು ಸಾಮಾನ್ಯವಾಗಿ ನಿರಪಾಯಕರ. ಆದರೆ ಹೃದ್ರೋಗವುಳ್ಳವರ ವಿಷಯ ಬೇರೆ. 2006ರಲ್ಲಿ ಜರ್ಮನಿಯಲ್ಲಿ ವಿಶ್ವ ಫುಟ್‌ಬಾಲ್ ಪಂದ್ಯಾವಳಿ ನಡೆದಾಗ ಮ್ಯೂನಿಕ್ ನಗರದ ವೈದ್ಯರು ಹೃದಯಸಂಬಂಧದ ತುರ್ತುಪ್ರಕರಣಗಳನ್ನು ಎಣಿಸಿದರು. ಜರ್ಮನ್ ತಂಡ ಆಡಿದ ದಿನಗಳಲ್ಲಿ ಅವು ಸಾಮಾನ್ಯ ದಿನಗಳಿಗಿಂತ 2.66 ಪಟ್ಟು ಇದ್ದುವು, ಗಂಡಸರಲ್ಲಿ 3.26 ಪಟ್ಟು, ಹೆಂಗಸರಲ್ಲಿ 1.82 ಪಟ್ಟು. ಹಾಗೆ ಅಸ್ವಸ್ಥರಾದವರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಮಂದಿಗೆ ಮೊದಲೇ ಹೃದಯದ ರಕ್ತನಾಳಗಳ ವ್ಯಾಧಿ ಇದ್ದಿತು. ಮನೆಯ ಹಿರಿಯರಿಗೆ ಅಂತಹ ತೊಂದರೆಯಿದ್ದರೆ, ಟೈಬ್ರೇಕಿನ ಹೊತ್ತಿಗೆ ಅವರ ಮಾತ್ರೆ ತಪ್ಪದಂತೆ ನೋಡಿಕೊಳ್ಳುವುದು ಮೊಮ್ಮಕ್ಕಳಿಗೆ ಸೇರಿದ ಕೆಲಸ.

ಪಂದ್ಯ ಮುಗಿದ ಮೇಲಿನ ಮಾತನ್ನೂ ವಿಜ್ಞಾನಿಗಳು ಬಿಟ್ಟಿಲ್ಲ. ರಾಬರ್ಟ್ ಚಿಯಾಲ್ಡಿನಿ ಮತ್ತು ಅವರ ಸಂಗಡಿಗರು 1976ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ತಮ್ಮ ವಿಶ್ವವಿದ್ಯಾನಿಲಯದ ಫುಟ್‌ಬಾಲ್ ತಂಡ ಗೆದ್ದ ಬಳಿಕದ ಸೋಮವಾರ ಅದರ ಹೆಸರುಳ್ಳ ಉಡುಪನ್ನು ಹೆಚ್ಚು ವಿದ್ಯಾರ್ಥಿಗಳು ತೊಟ್ಟು ಬರುತ್ತಿದ್ದರು. ಗೆಲುವನ್ನು ವರ್ಣಿಸುವಾಗ ‘ನಾವು’ ಎಂಬ ಪದವನ್ನು ಹೆಚ್ಚಾಗಿ ಬಳಸುತ್ತಿದ್ದರು. ಸೋಲನ್ನು ವರ್ಣಿಸುವಾಗ ಅದು ಕಡಮೆಯಾಗುತ್ತಿದ್ದಿತು. ಗೆದ್ದವರು ನಾವು, ಸೋತವರು ಅವರು!

ಬೋಪಣ್ಣನವರ ಅಭಿಮಾನಿಗಳು ಈ ನಿಯಮಕ್ಕೆ ಪೂರ್ತಿ ಒಳಪಟ್ಟವರಲ್ಲವೆಂದು ತೋರುತ್ತದೆ. 2010ರಲ್ಲಿ ಪಾಕಿಸ್ತಾನದ ಐಸಾಮ್ ಕುರೇಶಿಯವರೊಡನೆ ಅವರು ಅಮೆರಿಕದ ಓಪನ್ ಪಂದ್ಯಾವಳಿಯ ಅಂತಿಮ ಪಂದ್ಯವನ್ನು ಸೋತರು. 2023ರಲ್ಲಿ ಎಬ್ಡನ್ನರೊಡನೆ ಅದೇ ಘಟ್ಟದಲ್ಲಿ, ಮೊದಲ ಸೆಟ್ಟನ್ನು ಗೆದ್ದೂ, ಪುನಃ ಸೋತರು. ಆ ಪಂದ್ಯದಲ್ಲಿ ಚೆಂಡು ತಮ್ಮ ತೋಳಿಗೆ ತಾಗಿತೆಂದು ತಾವಾಗಿಯೇ ಹೇಳಿ ಒಂದು ಅಂಕವನ್ನು ಎದುರಾಳಿಗಳಿಗೆ ಬಿಟ್ಟುಕೊಟ್ಟರು. ಸೋತ ಆ ಪಂದ್ಯವನ್ನು ಕುರಿತು ಮಾತನಾಡುವಾಗಲೂ ‘ನಮ್ಮ ಬೋಪಣ್ಣ’ ಎನ್ನುವವರು ಕೊಡಗಿನಲ್ಲಿ ಮಾತ್ರವಲ್ಲ, ಹರಪನಹಳ್ಳಿ, ಕೊಟ್ಟೂರುಗಳಲ್ಲಿಯೂ ಸಿಕ್ಕಾರು. 2025ರ ನವೆಂಬರಿನಲ್ಲಿ ಅವರು ವೃತ್ತಿಪರ ಆಟಕ್ಕೆ ವಿದಾಯ ಹೇಳಿದರು.