ಯುವಯೋಧನ ಶಿಕ್ಷಣ

ಸಂಸ್ಕೃತದ ‘ಶಿಕ್ಷಾ’ ಶಬ್ದಕ್ಕೆ ಕಲಿಕೆ ಎಂಬುದೇ ಮೂಲಾರ್ಥ. ವೇದದ ಉಚ್ಚಾರಣೆಯನ್ನು ಬೋಧಿಸುವ ವೇದಾಂಗಕ್ಕೂ ಅದೇ ಹೆಸರು. ಕನ್ನಡದಲ್ಲಿ ‘ಶಿಕ್ಷೆ’ ಎಂದೊಡನೆ ದಂಡನೆಯೇ ಮನಸ್ಸಿಗೆ ಬರುವಂತಾದುದು ರೂಢಿಯ ಫಲ. ಈ ಎರಡು ಅರ್ಥಗಳೂ ಒಂದೆಡೆ ಕೂಡಿರುವ ವಿದ್ಯೆಯೆಂದರೆ ಸೈನಿಕ ಶಿಕ್ಷಣ.

ಹುಕ್ಕೇರಿ ತಾಲೂಕಿನ ಕಣಗಲಾ ಗ್ರಾಮವು ಸಂಕೇಶ್ವರ-ನಿಪ್ಪಾಣಿಗಳ ನಡುವೆ ಪುಣೆ-ಬೆಂಗಳೂರು ಹೆದ್ದಾರಿಗೆ ಹೊಂದಿಕೊಂಡಿದೆ. ಈ ಸೀಮೆಯ ತರುಣರಿಗೆ ಸೈನ್ಯವು ದೂರದ ಮಾತಲ್ಲ. ಅದೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಬೆಳಗಾವಿಯಲ್ಲಿ ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವಿದೆ. ಆ ದಳದ ಮೂಲ 1768ರಷ್ಟು ಹಿಂದಿನದು. ಅದರ ಶಿಕ್ಷಣಕ್ಕೆ ಬೆಳಗಾವಿಯು ನೆಲೆಯಾದುದು 1922ರಿಂದ. ದ್ವಿತೀಯ ಮಹಾಯುದ್ಧದಲ್ಲಿ ಇಟಲಿಯ ರಣಭೂಮಿಯಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಯಶವಂತ ಘಾಡಗೆ ಮತ್ತು ನಾಮದೇವ ಜಾಧವ ಈ ದಳದವರೇ. ಕನ್ನಡ ನಾಡಿನ ತರುಣರು ಬೆಂಗಳೂರಿನ ಮದ್ರಾಸ್ ಇಂಜಿನಿಯರ್ ಗ್ರೂಪಿನಂತಹ ಬೇರೆ ಕೇಂದ್ರಗಳಿಗೂ ಹೋಗುವುದುಂಟು.

ಪ್ರವೇಶವೇ ಮೊದಲ ಪರೀಕ್ಷೆ. ಪದಾತಿ ಸೈನಿಕನಾಗಬಯಸುವವನು ಮೆಟ್ರಿಕ್ ಪರೀಕ್ಷೆಯಲ್ಲಿ ಒಟ್ಟು ಶೇಕಡಾ 45 ಅಂಕಗಳನ್ನೂ ಪ್ರತಿ ವಿಷಯದಲ್ಲಿ ಶೇಕಡಾ 33 ಅಂಕಗಳನ್ನೂ ಪಡೆದಿರಬೇಕು. 2023ರಿಂದ ಲಿಖಿತ ಪರೀಕ್ಷೆಯೇ ಮುಂಚಿತವಾಗಿ ನಡೆಯುತ್ತಿದೆ. ಬಳಿಕ 1.6 ಕಿಲೋಮೀಟರ್ ಓಟ; ಐದೂವರೆ ನಿಮಿಷದೊಳಗೆ ಮುಗಿಸಿದವನಿಗೆ ಪೂರ್ಣಾಂಕ. ಒಂಬತ್ತು ಅಡಿಯ ಹಳ್ಳವನ್ನು ಹಾರಬೇಕು. ಅಡ್ಡಕಂಬಿಗೆ ಜೋತು ಹತ್ತು ಬಾರಿ ಮೈಯನ್ನು ಮೇಲಕ್ಕೆತ್ತಿದರೆ ಅದಕ್ಕೂ ಪೂರ್ಣಾಂಕ.

ಒಳಗೆ ಕಾಲಿಟ್ಟ ತರುಣನ ತಲೆಗೂದಲು ಮೊದಲು ಹೋಗುತ್ತದೆ. ಹಿಂದೆಯೇ ಅವನ ದಿನಚರಿಯ ಸ್ವಾತಂತ್ರ್ಯವೂ ಹೋಗುತ್ತದೆ. ನಸುಕಿನಲ್ಲಿ ಎಚ್ಚರ, ವ್ಯಾಯಾಮ, ಕವಾಯತು, ಬಂದೂಕಿನ ಪಾಠ, ಸಂಜೆಗೆ ಆಟ. ಹೊಸ ಬೂಟು ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸುತ್ತದೆ. ಆಜ್ಞೆಗಳೆಲ್ಲ ಹಿಂದಿಯಲ್ಲಿ, ಗುರುವಿಗೆ ‘ಉಸ್ತಾದ್’ ಎಂದು ಹೆಸರು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ ಆಡಿ ಬೆಳೆದ ಗಡಿನಾಡಿನ ಹುಡುಗನೂ ‘ಸಾವಧಾನ್’, ‘ವಿಶ್ರಾಮ್’ ಎಂಬ ಎರಡು ಮಾತುಗಳ ನಡುವೆ ಮೈಯನ್ನು ಹೊಸದಾಗಿ ಪಳಗಿಸಿಕೊಳ್ಳಬೇಕು.

‘ಕವಾಯತು’ ಎಂಬುದು ಅರಬ್ಬಿ ಮೂಲದ ಪದ. ನಿಯಮಗಳು ಎಂದು ಅದರ ಅರ್ಥ. ರಣರಂಗದಲ್ಲಿ ಯಾರೂ ಕೈಬೀಸಿ ಸಾಲುಸಾಲಾಗಿ ನಡೆಯುವುದಿಲ್ಲವಷ್ಟೆ. ಮತ್ತೇಕೆ ಈ ಶ್ರಮವೆಂದು ಕೇಳಬಹುದು. ಭಯವು ಆವರಿಸಿದಾಗ ಬುದ್ಧಿಯು ಮಂಕಾಗುತ್ತದೆ. ಆಗ ನೆರವಿಗೆ ಬರುವುದು ಸಾವಿರ ಸಲ ಮಾಡಿ ರೂಢಿಯಾದ ಅಭ್ಯಾಸವೊಂದೇ. ಬಂದೂಕನ್ನು ಬಿಚ್ಚಿ ಜೋಡಿಸುವುದನ್ನು ಬೆರಳುಗಳು ತಾವಾಗಿಯೇ ಮಾಡುವಷ್ಟು ಸಲ ಮಾಡಿಸುವುದೂ, ಶಸ್ತ್ರ ಮತ್ತು ಹೊರೆಯೊಡನೆ ಐದು ಕಿಲೋಮೀಟರ್ ಓಡಿಸುವುದೂ ಇದೇ ಕಾರಣಕ್ಕೆ. ಬಾಲಕನು ಮಗ್ಗಿಯನ್ನು ಬಾಯಿಪಾಠ ಮಾಡುವುದರ ಮರ್ಮವೂ ಇದಕ್ಕಿಂತ ಬೇರೆಯಲ್ಲ.

ದೇಹದ ದಣಿವಿಗಿಂತಲೂ ಕಠಿಣವಾದ ಪಾಠ ಇನ್ನೊಂದಿದೆ. ಒಬ್ಬನು ತಪ್ಪಿದರೆ ತುಕಡಿಯೇ ದಂಡನೆ ಪಡೆಯುವ ಪದ್ಧತಿ ಶಿಬಿರಗಳಲ್ಲಿ ಹಳೆಯದು. ಮೊದಮೊದಲು ಇದು ಅನ್ಯಾಯವೆಂದೇ ತರುಣನಿಗೆ ತೋರುತ್ತದೆ. ಯುದ್ಧದಲ್ಲಿ ಒಬ್ಬನ ಅಜಾಗ್ರತೆಗೆ ಹತ್ತು ಜನರು ಪ್ರಾಣ ತೆರಬೇಕಾಗುವುದೆಂಬ ಸತ್ಯವನ್ನು ಕಂಡುಕೊಂಡಾಗ ಆ ಕಹಿ ಇಳಿಯುತ್ತದೆ. ಸೈನಿಕರನ್ನು ಇಬ್ಬಿಬ್ಬರಾಗಿ ಜೋಡಿ ಮಾಡುವುದೂ ರೂಢಿ. ಜೊತೆಗಾರನ ಜಾತಿ, ಊರು, ನುಡಿ ಯಾವುದೇ ಇರಲಿ, ಅವನ ನೀರಿನ ಬಾಟಲಿ ಬರಿದಾಗಿದೆಯೇ ಎಂದು ನೋಡುವುದು ಇವನ ಹೊಣೆ. ‘ನಾನು’ ಎಂದು ಬಂದವನು ‘ನಾವು’ ಎನ್ನಲು ಕಲಿಯುವುದು ಇಲ್ಲಿಯೇ.

2022ರ ಜೂನ್ ತಿಂಗಳಲ್ಲಿ ಕೇಂದ್ರ ಸರಕಾರವು ಅಗ್ನಿಪಥ ಯೋಜನೆಯನ್ನು ಘೋಷಿಸಿದ ಮೇಲೆ ಈ ವಿಷಯಕ್ಕೆ ಹೊಸ ಗಂಭೀರತೆ ಬಂದಿದೆ. ಭೂಸೇನೆಯ ಮೊದಲ ತಂಡಗಳು ಸುಮಾರು 31 ವಾರಗಳ ಶಿಕ್ಷಣವನ್ನು 2023ರಲ್ಲಿ ಮುಗಿಸಿದವು. ಘೋಷಿತ ನಿಯಮದಂತೆ ಸೇವೆ ನಾಲ್ಕು ವರ್ಷ. ಬಳಿಕ ಕಾಯಂ ಸೇವೆಗೆ ಆಯ್ಕೆಯಾಗುವವರು ಶೇಕಡಾ 25ರವರೆಗೆ. ಉಳಿದವರು ಸುಮಾರು 11.71 ಲಕ್ಷ ರೂಪಾಯಿಗಳ ಸೇವಾನಿಧಿಯೊಡನೆ ಮರಳಬೇಕು, ನಿವೃತ್ತಿ ವೇತನವಿಲ್ಲ. ಹದಿನೆಂಟರಲ್ಲಿ ಹೋದವನು ಇಪ್ಪತ್ತೆರಡರಲ್ಲಿ ಮತ್ತೆ ಊರ ಅಗಸೆಯಲ್ಲಿ ನಿಂತಿರುತ್ತಾನೆ.

ಹಾಗೆ ಮರಳಿದವನ ಕೈಯಲ್ಲಿ ಹಣವು ಎಷ್ಟು ದಿನ ನಿಂತೀತು? ಮೈಗೂಡಿದ ನಿಯಮ, ಸಮಯಪಾಲನೆ, ಜೊತೆಗಾರನ ಚಿಂತೆ ಇವು ಖರ್ಚಾಗುವ ವಸ್ತುಗಳಲ್ಲ. ಆದರೆ ಇವಕ್ಕೆ ಕೆಲಸ ಕೊಡುವ ಸಮಾಜ ಬೇಕು. ಓಟದ ಗುಂಗಿನಲ್ಲಿ ಓದನ್ನು ಕಡೆಗಣಿಸಿದ ಹುಡುಗನಿಗೆ ಆ ದಿನ ಎರಡು ದಾರಿಗಳೂ ಮುಚ್ಚಿರುತ್ತವೆ. ಆದ್ದರಿಂದ ಸೈನ್ಯಕ್ಕೆ ಹೊರಟವನಿಗೆ ಮೈದಾನದಷ್ಟೇ ಪುಸ್ತಕವನ್ನೂ ಒತ್ತಿ ಹೇಳುವುದು ಅಧ್ಯಾಪಕರ ಕರ್ತವ್ಯ; ಮರಳಿ ಬಂದವನು ಓದು ಮುಂದುವರಿಸಲು, ಉದ್ಯೋಗ ಹಿಡಿಯಲು ನೆರವಾಗುವುದು ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಕರ್ತವ್ಯ.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತುಂಟು. ಉಂಡ ಜೋಳದ ಋಣವನ್ನು ಸೇವೆಯಿಂದ ತೀರಿಸುವ ವೀರಧರ್ಮವದು. ಜೋಳದ ರೊಟ್ಟಿ ಉಂಡು ಬೆಳೆದ ಈ ಸೀಮೆಯ ತರುಣನು ತನ್ನ ಪಾಲಿನ ಋಣವನ್ನು ನಾಲ್ಕು ವರ್ಷ ತೀರಿಸಿ ಬರುತ್ತಾನೆ. ಅವನ ಋಣವನ್ನು ತೀರಿಸುವ ಸರದಿ ಅನಂತರ ಊರಿನದು.