ಸರಮೆಯ ಮರಿ

ನಾಯಿಯನ್ನು ಕುರಿತು ನಮ್ಮವರು ಬರೆದಿರುವುದು ಕಡಿಮೆಯೇನಲ್ಲ. ಧರ್ಮರಾಯನ ಬೆನ್ನುಹತ್ತಿ ಸ್ವರ್ಗದ ಬಾಗಿಲಿನವರೆಗೆ ನಡೆದ ನಾಯಿಯನ್ನು ಅರಿಯದವರಾರು? ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರು ಗುತ್ತಿಯನ್ನು ಮರೆತರೂ ಅವನ ಹುಲಿಯನನ್ನು ಮರೆಯಲಾರರು. ಮದ್ದೂರು ತಾಲ್ಲೂಕಿನ ಆತಕೂರಿನ ಕ್ರಿ.ಶ. 949-50ರ ಶಾಸನವಂತೂ ಬೇಟೆನಾಯಿಯೊಂದಕ್ಕೆ ಸಂದ ಅಪೂರ್ವ ಗೌರವ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನೊಡನೆ ಕಾದಿದ ಗಂಗರ ಬೂತುಗನು ತನ್ನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದ್ದು ಕಾಳಿಯೆಂಬ ನಾಯಿಯನ್ನು. ಆ ನಾಯಿ ಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಮಡಿಯಿತು. ಅದಕ್ಕಾಗಿ ಕಲ್ಲು ನಿಲ್ಲಿಸಿ ಭೂಮಿಯನ್ನು ಬಿಟ್ಟರು. ಆ ಕೃಷ್ಣನ ರಾಜಧಾನಿ ಮಾನ್ಯಖೇಟ, ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡ. ಆದುದರಿಂದ ಈ ಕಥೆಯಲ್ಲಿ ನಮಗೂ ಒಂದಿಷ್ಟು ಹಕ್ಕುಂಟೆಂದು ನಾನು ತರಗತಿಯಲ್ಲಿ ಹೇಳುವುದುಂಟು.

ಆದರೆ ಕಾಳಿಯೂ ಒಂದು ಕಾಲಕ್ಕೆ ಮರಿಯಾಗಿದ್ದಿರಬೇಕಷ್ಟೆ? ಅದು ಬೂತುಗನ ಬೀಡಿನಲ್ಲಿ ಯಾವ ಕಂಬಳಿಯನ್ನು ತೋಯಿಸಿತು, ಯಾರ ಪಾದರಕ್ಷೆಯನ್ನು ಕಡಿಯಿತು, ನಡುರಾತ್ರಿಯಲ್ಲಿ ಯಾರನ್ನು ಎಬ್ಬಿಸಿ ಕೂರಿಸಿತು ಎಂಬುದನ್ನು ಶಾಸನಕಾರ ಹೇಳುವುದಿಲ್ಲ. ಕಲ್ಲಿಗೆ ಅದು ತಕ್ಕ ವಿಷಯವಲ್ಲ. ಭಾನುವಾರದ ಪುರವಣಿಗೆ ತಕ್ಕುದಾಗಬಹುದು.

ಕಳೆದ ಎಳ್ಳಮಾವಾಸ್ಯೆಯಂದು ನರೋಣಾದ ನಮ್ಮ ಹೊಲದಲ್ಲಿ ಚರಗ ಚೆಲ್ಲಿ, ಸಜ್ಜೆರೊಟ್ಟಿ ಭಜ್ಜಿಯ ಊಟ ಮುಗಿಸಿ, ಹಿರಿಯರೆಲ್ಲ ಬೇವಿನ ನೆರಳಿಗೆ ಒರಗಿದ್ದೆವು. ಮಕ್ಕಳು ಹಳೆಯ ಕಣಕಿ ಬಣವೆಯ ಬುಡದಲ್ಲಿ ಐದು ನಾಯಿಮರಿಗಳನ್ನು ಪತ್ತೆಹಚ್ಚಿದರು. ಊರ ನಾಯಿಗಳು ಬಹುಮಟ್ಟಿಗೆ ಮಳೆಗಾಲದ ಕೊನೆಯಲ್ಲಿ ಗಬ್ಬವಾಗಿ ಚಳಿಗಾಲದಲ್ಲಿ ಈಯುತ್ತವೆ. ತೊಗರಿ ಕಟಾವಿನ ವೇಳೆಗೆ ಯಾವ ಬಣವೆಯನ್ನು ಸರಿಸಿದರೂ ಇಂಥ ಸಂಸಾರವೊಂದು ಕಾಣುವುದು ಅಪರೂಪವಲ್ಲ. ಮರಿಗಳಿಗೆ ಐದು ವಾರವಾಗಿದ್ದೀತು. ಗಂಡುಮರಿಗಳಲ್ಲಿ ಒಂದನ್ನು ಹಿಂದಿನ ಓಣಿಯ ನನ್ನ ದಾಯಾದಿ ತಮ್ಮನ ಮಗ ಆಗಲೇ ಎತ್ತಿಕೊಂಡಿದ್ದ. ಹಣೆಯ ಮೇಲೆ ಬಿಳಿಯ ಚುಕ್ಕೆಯಿದ್ದ ಕರಿಯ ಹೆಣ್ಣುಮರಿಯನ್ನು ನನ್ನ ಒಂಬತ್ತು ವರ್ಷದ ಮಗಳು ಮಡಿಲಿಗೆ ಹಾಕಿಕೊಂಡು, ಬಿಡಲೊಲ್ಲೆನೆಂದು ಕುಳಿತಳು.

ನಮ್ಮ ಹೊಲವನ್ನು ಪಾಲಿಗೆ ಮಾಡುವ ಮುತ್ಯಾ ಒಪ್ಪಲಿಲ್ಲ. “ಇನ್ನೊಂದು ತಿಂಗಳು ತಾಯಿ ಬಲ್ಲಿ ಇರ್ಲಿ, ಮಾಸ್ತರ. ಈಗ ಒಯ್ದ್ರ ಮರಿ ಬದುಕ್ತದ, ಖರೆ, ಬುದ್ಧಿ ಬರಂಗಿಲ್ಲ” ಎಂದರು. ಮಗಳ ಕಣ್ಣೀರೋ ಮುತ್ಯಾನ ಮಾತೋ ಎಂಬ ವ್ಯಾಜ್ಯದಲ್ಲಿ ಕಣ್ಣೀರು ಗೆದ್ದಿತು. ತೀರ್ಪು ಕೊಟ್ಟವನು ನಾನು.

ಮುತ್ಯಾ ಅನುಭವದಿಂದ ಹೇಳಿದ್ದನ್ನೇ ಅಮೆರಿಕದ ಮೇನ್ ಪ್ರಾಂತದ ಜಾಕ್ಸನ್ ಪ್ರಯೋಗಶಾಲೆಯವರು ಪರೀಕ್ಷಿಸಿ ನೋಡಿದ್ದರೆಂದು ಆಮೇಲೆ ಓದಿ ತಿಳಿದೆ. 1961ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಮರಿಗಳನ್ನು ಮನುಷ್ಯನ ಸೋಂಕಿಲ್ಲದೆ ಎತ್ತರದ ಬೇಲಿಯೊಳಗೆ ಬೆಳೆಸಿ, ಬೇರೆಬೇರೆ ವಯಸ್ಸಿನಲ್ಲಿ ಮನುಷ್ಯರ ಬಳಿಗೆ ತಂದರು. ಹದಿನಾಲ್ಕು ವಾರಗಳವರೆಗೆ ಮನುಷ್ಯನನ್ನು ಹತ್ತಿರದಿಂದ ಕಾಣದ ಮರಿಗಳು ಮುಂದೆಯೂ ಕಾಡುಮೃಗಗಳಂತೆ ಬೆದರಿದವು. ಸ್ಕಾಟ್ ಮತ್ತು ಫುಲ್ಲರ್ ಎಂಬ ವಿದ್ವಾಂಸರು 1965ರ ತಮ್ಮ ಗ್ರಂಥದಲ್ಲಿ ಇಂಥ ಅಧ್ಯಯನಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾರೆ. ಮೂರನೆಯ ವಾರದಿಂದ ಹನ್ನೆರಡು ಹದಿನಾಲ್ಕನೆಯ ವಾರದವರೆಗಿನದು ಮರಿಯ ವಿದ್ಯಾಭ್ಯಾಸದ ಕಾಲ. ಅದರಲ್ಲಿ ಮೊದಲ ಐದು ವಾರಕ್ಕೆ ಗುರುಗಳು ತಾಯಿಯೂ ಒಡಹುಟ್ಟಿದವರೂ, ಅನಂತರವೇ ನಾವು. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದೆಂಬುದು ಇದರಿಂದಲೇ. ನಾವು ತಂದದ್ದು ಅರ್ಧ ಪಾಠಕ್ಕೇ ಶಾಲೆ ಬಿಡಿಸಿದ ಶಿಶುವನ್ನು.

ಆತಕೂರಿನ ಗೌರವಾರ್ಥ ನಾನು ‘ಕಾಳಿ’ ಎಂದು ಹೆಸರಿಡಹೊರಟರೆ, “ದೇವಿ ಹೆಸರು ನಾಯಿಗಿಡ್ತಿ ಏನೋ!” ಎಂದು ನಮ್ಮವ್ವ ಗದರಿದಳು. ಹಣೆಯ ಚುಕ್ಕೆಯಿಂದಾಗಿ ಅದು ‘ಚಿಕ್ಕಿ’ಯಾಯಿತು. ಬಂದವರೆಲ್ಲ ಕೇಳುತ್ತಿದ್ದ ಮೊದಲ ಪ್ರಶ್ನೆ, “ಯಾವ ಜಾತಿದ್ರಿ?” ಮುಧೋಳದ್ದಲ್ಲವೆಂದು ತಿಳಿದೊಡನೆ ಅವರ ಮುಖ ಸಪ್ಪಗಾಗುತ್ತಿತ್ತು. ಮುಧೋಳದ ನಾಯಿಯ ಹಿರಿಮೆಯ ಬಗೆಗೆ ನನಗೆ ತಕರಾರಿಲ್ಲ. 2005ರಲ್ಲಿ ಅದರ ಚಿತ್ರದ ಅಂಚೆಚೀಟಿಯೇ ಬಂದಿತು. ಆದರೆ ಕಲ್ಯಾಣದ ನೆರೆಯಲ್ಲಿದ್ದುಕೊಂಡು ನಾಯಿಗೂ ಜಾತಿ ಕೇಳುವುದೆಂದರೆ!

ಮೊದಲ ಮೂರು ರಾತ್ರಿ ಮನೆಯಲ್ಲಿ ಯಾರಿಗೂ ನಿದ್ರೆಯಿಲ್ಲ. ನಾಯಿಮರಿಯ ಅಳು ಶಿಶುವಿನ ಅಳುವಿಗಿಂತ ಕಠಿನ. ಶಿಶುವನ್ನು ತೊಡೆಯ ಮೇಲೆ ಹಾಕಿ ತಟ್ಟಬಹುದು, ಇದಕ್ಕೆ ಯಾವ ಜೋಗುಳ? ಬಿಸಿನೀರಿನ ಸೀಸೆಯನ್ನು ಬಟ್ಟೆಯಲ್ಲಿ ಸುತ್ತಿ ಮಗ್ಗುಲಲ್ಲಿಟ್ಟೆವು. ಟಿಕ್‌ಟಿಕ್ ಎನ್ನುವ ಗಡಿಯಾರವನ್ನು ತಾಯಿಯ ಎದೆಬಡಿತವೆಂದು ಭ್ರಮಿಸಲೆಂದು ಇಟ್ಟೆವು. ಭ್ರಮಿಸಲಿಲ್ಲ. ನಾಲ್ಕನೆಯ ದಿನ ಮುತ್ಯಾ ತಾಯಿನಾಯಿ ಮಲಗಿದ್ದ ಗೋಣಿತಟ್ಟನ್ನೇ ತಂದು ಮೂಲೆಯಲ್ಲಿ ಹಾಸಿದರು. ಮರಿ ಅದರೊಳಗೆ ಮೂಗು ಹುದುಗಿಸಿ ಬೆಳಗಿನವರೆಗೆ ಮಲಗಿತು.

ಆಹಾರದ ವಿಚಾರ ಹೆಚ್ಚು ಹೇಳಬೇಕಾದುದಿಲ್ಲ. ಆಕಳ ಹಾಲು ಕುಡಿಸಿ ಭೇದಿ ಹತ್ತಿಸಿದೆವು. ನಾಯಿಯ ಹಾಲಿನಲ್ಲಿ ಸಸಾರಜನಕವೂ ಕೊಬ್ಬೂ ಆಕಳ ಹಾಲಿನ ಎರಡು ಪಟ್ಟಿಗಿಂತ ಹೆಚ್ಚು, ಹಾಲುಸಕ್ಕರೆ ಅದಕ್ಕಿಂತ ಕಡಿಮೆ. ಎರಡೂ ಬೆಳ್ಳಗಿರುವುದಷ್ಟೇ ಸಾಮ್ಯ. ಪಶುವೈದ್ಯರು ಬೇಯಿಸಿದ ಮೊಟ್ಟೆಯನ್ನು ಸೂಚಿಸಿದಾಗ ನಮ್ಮ ಸಸ್ಯಾಹಾರಿ ಮನೆಯಲ್ಲಿ ಮೌನ ಕವಿಯಿತು. ಕೊನೆಗೆ ಅವ್ವನೇ ಪಡಸಾಲೆಯ ದತ್ತಾತ್ರೇಯನ ಪಟದ ಕಡೆಗೆ ಕೈತೋರಿ, “ಗಾಣಗಾಪುರದಾಂವನ ಕಾಲ್ಬುಡಕ್ಕ ನಾಲ್ಕು ಅವ, ಆಂವ ನಡಸ್ಯಾನ, ನಾವು ಒಂದು ನಡಸಬೇಕು” ಎಂದಳು. ದನದ ಕೊಟ್ಟಿಗೆಯಲ್ಲಿ ಬೇರೆ ಒಲೆ, ಬೇರೆ ಪಾತ್ರೆ. ನಾಲ್ಕು ವೇದಗಳೆಂದು ಪ್ರಾಜ್ಞರು ಅರ್ಥ ಹೇಳುವ ಆ ನಾಲ್ಕು ನಾಯಿಗಳು ನಮ್ಮ ಮನೆಯಲ್ಲಿ ಒಂದು ಮೊಟ್ಟೆಯ ಪಕ್ಷ ವಹಿಸಿದವು.

ಇನ್ನು ಶೌಚದ ಪ್ರಕರಣ. ಇದನ್ನು ಸಾವಕಾಶವಾಗಿಯೇ ಹೇಳಬೇಕು. ನನ್ನ ತಪ್ಪು ಇರುವುದು ಇಲ್ಲಿಯೇ.

ನಮ್ಮ ಭಾಗದ ಮನೆಗಳಂತೆ ನಮ್ಮದರ ನೆಲವೂ ಶಹಾಬಾದದ ಪರಸಿ. ಅಂಥ ತಣ್ಣಗಿನ ನುಣುಪು ನೆಲವೆಲ್ಲವನ್ನೂ ಬಿಟ್ಟು, ಗೋಡೆಗೆ ಆನಿಸಿಟ್ಟ ಕಿರುಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟನ್ನೇ ಚಿಕ್ಕಿ ಆರಿಸಿಕೊಂಡಿತು. ಒಮ್ಮೆಯಲ್ಲ, ಮೂರು ಬಾರಿ. ಮೂರನೆಯ ಬಾರಿ ನಾನು ಕೈಯಲ್ಲಿದ್ದ ಭಾನುವಾರದ ಪುರವಣಿಯನ್ನು ಸುರುಳಿ ಸುತ್ತಿ ಹೊಡೆದೆ. ಪೆಟ್ಟು ದೊಡ್ಡದಲ್ಲ, ಸದ್ದು ದೊಡ್ಡದು. ಮರಿ ಕೂಗಿದ ಕೂಗಿಗೆ ಒಲೆಯ ಮುಂದಿನವರೆಲ್ಲ ಹೊರಗೆ ಬಂದರು. ಮರುದಿನವೂ ಹೊಡೆದೆ. ಆಮೇಲೆ ಒಂದು ವಾರ ಕಾಗದದ ಕಟ್ಟು ಒಣಗಿಯೇ ಇತ್ತು; ದಂಡನೀತಿ ಫಲಿಸಿತೆಂದು ನಾನು ಬೀಗಿದೆ.

ಒಂದು ಸಂಜೆ ನನ್ನ ಹೆಂಡತಿ ಜೋಳದ ಚೀಲಗಳನ್ನು ಸರಿಸಿ, ಹಿಂದಿನ ಮೂಲೆಯನ್ನು ತೋರಿಸಿದಳು. ವಾರದ ಗಲೀಜೆಲ್ಲ ಅಲ್ಲಿತ್ತು. “ಅದು ಕಲ್ತಿಲ್ಲರಿ. ನಿಮ್ಮ ಮುಂದ ಮಾಡಬಾರದು ಅಂಬೂದಷ್ಟೇ ಕಲ್ತದ” ಎಂದಳು. ಅಂದು ನಾನು ಗಮನಿಸಿದೆ: ಕಾಲೇಜಿನಿಂದ ಬಂದು ನಾನು ಚಪ್ಪಲಿ ಬಿಡುವ ಸದ್ದಿಗೆ ಚಿಕ್ಕಿ ಬಾಲವನ್ನು ಹೊಟ್ಟೆಗೆ ಒತ್ತಿಕೊಂಡು, ನಿಂತಲ್ಲೇ ತೊಟ್ಟಿಕ್ಕುತ್ತಿತ್ತು.

ವ್ಯಾಸಭಾರತದ ಆದಿಪರ್ವದಲ್ಲಿ ಕೌರವ ಪಾಂಡವರ ಸುದ್ದಿ ಬರುವುದಕ್ಕೆ ಬಹಳ ಮುಂಚೆಯೇ ಒಂದು ನಾಯಿಮರಿ ಬರುತ್ತದೆ. ಕುರುಕ್ಷೇತ್ರದಲ್ಲಿ ಯಾಗ ನಡೆಸುತ್ತಿದ್ದ ಜನಮೇಜಯನ ತಮ್ಮಂದಿರು ಅಲ್ಲಿಗೆ ಬಂದ ಆ ಮರಿಯನ್ನು ಹೊಡೆದು ಅಟ್ಟುತ್ತಾರೆ. ಅದು ಅಳುತ್ತ ತಾಯಿ ಸರಮೆಯ ಬಳಿಗೆ ಹೋಗುತ್ತದೆ. ನೀನೇನೋ ತಪ್ಪು ಮಾಡಿರಬೇಕೆಂದು ತಾಯಿಯೂ ಮೊದಲು ಶಂಕಿಸುತ್ತಾಳೆ. ಹವಿಸ್ಸನ್ನು ನೆಕ್ಕುವುದಿರಲಿ, ನೋಡಿಯೂ ಇಲ್ಲವೆಂದು ಮರಿ ಹೇಳುತ್ತದೆ. ಸರಮೆ ನೆಟ್ಟಗೆ ಯಾಗಶಾಲೆಗೆ ಬಂದು, ತಪ್ಪು ಮಾಡದ ನನ್ನ ಮಗನನ್ನು ಏಕೆ ಹೊಡೆದಿರೆಂದು ಕೇಳುತ್ತಾಳೆ. ಅಲ್ಲಿದ್ದವರು ಉತ್ತರ ಕೊಡಲಿಲ್ಲ. ಕಾಣದ ಭಯವೊಂದು ನಿಮಗೆ ಬರಲಿ ಎಂದು ಶಪಿಸಿ ಅವಳು ಹೊರಟುಹೋಗುತ್ತಾಳೆ.

ಈ ಕಥೆಯನ್ನು ಎಷ್ಟೋ ವರ್ಷ ಪಾಠ ಹೇಳಿದವನು ನಾನು. ಆದರೂ ನನ್ನ ಪಕ್ಷದಲ್ಲಿ ನ್ಯಾಯವಿದೆಯೆಂದೇ ನಂಬಿದ್ದೆ: ಆ ಮರಿ ತಪ್ಪು ಮಾಡಿರಲಿಲ್ಲ, ಈ ಮರಿ ಮಾಡಿತ್ತು. ಮುತ್ಯಾ ಬಂದವರು ಕಾಗದದ ಕಟ್ಟನ್ನು ನೋಡಿದರು, ನೆಲವನ್ನು ನೋಡಿದರು, ನಕ್ಕರು. “ಹುಟ್ಟಿದಾಗಿಂದ ಕಣಕಿ ಮ್ಯಾಲ ಬೆಳದದ್ದದು, ಮಾಸ್ತರ. ನಿಮ್ಮ ಮನಿ ತುಂಬ ಪರಸಿ. ಕಣಕಿ ಹಂಗ ಕಂಡದ್ದು ಈ ಕಾಗದ ಒಂದೇ, ಅಲ್ಲಿಗಿ ಹೋಗ್ಯಾದ.”

ಮಾತು ಅಕ್ಷರಶಃ ಸರಿ. ಮೂರನೆಯ ವಾರದಿಂದಲೇ ಮರಿ ಮಲಗುವ ತಾವನ್ನು ಬಿಟ್ಟು ದೂರ ಹೋಗಿ ವಿಸರ್ಜಿಸಲು ತೊಡಗುತ್ತದೆ. ಆಗ ಕಾಲಡಿಗೆ ಯಾವುದು ಸಿಕ್ಕಿತೋ ಅದನ್ನೇ ಮುಂದೆಯೂ ಹುಡುಕುತ್ತದೆ. ಹುಲ್ಲಿನ ಮೇಲೆ ಬೆಳೆದದ್ದಕ್ಕೆ ಹೀರುವಂಥ ಮೆತ್ತನೆಯ ನೆಲವೇ ಬೇಕು. ಎಂದರೆ, ಐದು ವಾರದಲ್ಲಿ ಕಲಿತಷ್ಟನ್ನು ಚಿಕ್ಕಿ ತಪ್ಪಿಲ್ಲದೆ ಒಪ್ಪಿಸುತ್ತಿತ್ತು. ಸರಿಯುತ್ತರ ಬರೆದ ವಿದ್ಯಾರ್ಥಿಗೆ ಹೊಡೆದ ಮೇಷ್ಟ್ರು ನಾನು.

ಹಿತ್ತಿಲಿನ ಮೂಲೆಯಲ್ಲಿ ಒಂದು ಹಿಡಿ ಕಣಕಿ ಹಾಸಿದೆವು. ಎದ್ದೊಡನೆ, ಉಂಡೊಡನೆ, ಆಡಿ ದಣಿದೊಡನೆ ಅಲ್ಲಿಗೆ ಎತ್ತಿಕೊಂಡು ಹೋಗುವುದು. ಕೆಲಸವಾದ ಕ್ಷಣದಲ್ಲೇ ಮೆಚ್ಚುಮಾತಾಡಿ ಒಂದು ತುಣುಕು ರೊಟ್ಟಿ ಕೊಡುವುದು. ಎರಡು ತಿಂಗಳ ಮರಿ ಎರಡು ಮೂರು ಗಂಟೆಗಿಂತ ಹೆಚ್ಚು ತಡೆದುಕೊಳ್ಳಲಾರದು. ಆದುದರಿಂದ ರಾತ್ರಿಯೂ ಏಳಬೇಕು. ನಾನು ಎದ್ದೆ. ಮೂರು ವಾರದಲ್ಲಿ ಮನೆ ಶುದ್ಧವಾಯಿತು. ಚಪ್ಪಲಿಯ ಸದ್ದಿಗೆ ತೊಟ್ಟಿಕ್ಕುವುದು ನಿಲ್ಲಲು ಮಾತ್ರ ಮೂರು ತಿಂಗಳು ಹಿಡಿಯಿತು.

ಹಲ್ಲಿನ ಹಾವಳಿ ಬೇರೆ. ಹಾಲುಹಲ್ಲು 28, ಒಂದೊಂದೂ ದಬ್ಬಣದ ಮೊನೆ. ಎಷ್ಟು ಬಲವಾಗಿ ಕಚ್ಚಿದರೆ ನೋಯುತ್ತದೆಂಬುದನ್ನು ಮರಿ ಕಲಿಯುವುದು ಒಡಹುಟ್ಟಿದವರ ಕೂಗಿನಿಂದ. ಆ ಪಾಠವೂ ಅರ್ಧಕ್ಕೇ ನಿಂತಿತ್ತು. ಕಿಟೆಲ್ಲರ ನಿಘಂಟಿನ ಬೆನ್ನು ಹೋಯಿತು. ಮಗಳ ಮುಂಗೈಯಲ್ಲಿ ರಕ್ತ ಬಂತು. ಮರಿಯ ಕಡಿತಕ್ಕೆ ಸುಣ್ಣವೋ ಖಾರದಪುಡಿಯೋ ಮೆತ್ತಿ ಸುಮ್ಮನಾಗುವ ಅಭ್ಯಾಸ ನಮ್ಮಲ್ಲಿ ಇನ್ನೂ ಉಂಟು. ಅದು ಪ್ರಾಣಕ್ಕೆ ಎರವು. ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ಆಸ್ಪತ್ರೆಗೆ ಕರೆದೊಯ್ದು ರೇಬೀಸಿನ ಚುಚ್ಚುಮದ್ದು ಕೊಡಿಸಿದೆವು. 1885ರ ಜುಲೈ 6ರಂದು ಪಾಶ್ಚರ್ ಮಹಾಶಯನ ಮುಂದೆ ನಿಂತ ಜೋಸೆಫ್ ಮೈಸ್ಟರನಿಗೂ ಒಂಬತ್ತೇ ವರ್ಷವೆಂದು ಹೇಳಿದಾಗ ಮಗಳು ಅಳು ನಿಲ್ಲಿಸಿದಳು.

ಮರಿಗೆ ಕೊಡಿಸಬೇಕಾದ ಚುಚ್ಚುಮದ್ದಿನ ಲೆಕ್ಕ ಬೇರೆ. ಆರರಿಂದ ಎಂಟನೆಯ ವಾರದೊಳಗೆ ಮೊದಲನೆಯದು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವವರೆಗೆ. ರೇಬೀಸಿನದು ಮೂರು ತಿಂಗಳಿಗೆ. ಇಷ್ಟು ಸಲ ಏಕೆಂದರೆ, ತಾಯಿಯ ಹಾಲಿನಿಂದ ಬಂದ ರಕ್ಷೆಯೇ ಔಷಧಿಯನ್ನು ಕೆಲಸ ಮಾಡಗೊಡುವುದಿಲ್ಲ. ಆ ರಕ್ಷೆ ಎಂದು ಇಳಿಯುತ್ತದೆಂಬುದು ಒಂದೊಂದು ಮರಿಗೆ ಒಂದೊಂದು ಬಗೆ. ಕಾಲೇಜಿನ ಕೆಲಸದ ನೆಪದಲ್ಲಿ ನಾನು ಒಂದು ವಾರ ತಡಮಾಡಿ ಮೊದಲನೆಯದನ್ನು ಹಾಕಿಸಿದೆ. ಹಿಂದಿನ ಓಣಿಯ ಗಂಡುಮರಿಗೆ, “ನಾಯಿಗೆಂಥ ಸೂಜಿ, ನೋಡಮು” ಎಂದು ಬಿಟ್ಟರು.

ಮಾಘಮಾಸದಲ್ಲಿ ಎರಡೂ ಮಲಗಿದವು. ವಾಂತಿ, ರಕ್ತಭೇದಿ. ಪಾರ್ವೋ ಎಂಬ ಈ ಬೇನೆ 1978ರ ಸುಮಾರಿಗೆ ಮೊದಲು ಕಾಣಿಸಿಕೊಂಡು, ಎರಡು ವರ್ಷದೊಳಗಾಗಿ ಭೂಮಂಡಲವನ್ನೆಲ್ಲ ಸುತ್ತಿತು. ಅದರ ಬೀಜ ಮಣ್ಣಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ, ನಮ್ಮ ಕಾಲಿಗೆ ಅಂಟಿ ಮನೆಯೊಳಗೆ ಬರುತ್ತದೆ. ನಾಲ್ಕು ದಿನ ಎರಡು ಮರಿಗಳಿಗೂ ಸಲೈನು ಹಾಕಿಸಲು ಮೋಟಾರಿನಲ್ಲಿ ಓಡಾಡಿದೆವು. ಎಂದರೆ, ನಾಲ್ಕನೆಯ ದಿನ ಒಂದಕ್ಕೆ. ಇನ್ನೊಂದು ಮೂರನೆಯ ರಾತ್ರಿಯೇ ಹೋಗಿತ್ತು. ಚಿಕ್ಕಿಯನ್ನು ಉಳಿಸಿದ್ದು ಆ ಒಂದು ಚುಚ್ಚುಮದ್ದೋ, ಸಲೈನೋ, ಅದರ ಅದೃಷ್ಟವೋ ಎಂದು ಕೇಳಿದ್ದಕ್ಕೆ ವೈದ್ಯರು ನಿಶ್ಚಯವಾಗಿ ಏನೂ ಹೇಳಲಿಲ್ಲ.

ಸತ್ತ ಮರಿಯನ್ನು ಬೇರೆ ನಾಯಿಗಳು ಸುಳಿಯದ ಕಡೆ ಆಳವಾಗಿ ತೋಡಿ, ಬ್ಲೀಚಿಂಗ್ ಪುಡಿ ಸುರಿದು ಹೂಳಬೇಕೆಂದರು. ಗುದ್ದಲಿ ಹಿಡಿದ ಮುತ್ಯಾ, ಹಿಂದಿನ ಓಣಿಯವರು, ನಾನು ಹೊರಟು ನಿಂತಾಗ ಮಗಳು ಬಾಗಿಲಲ್ಲಿ ಕೇಳಿದಳು: “ಅದರ ಅವ್ವಗ ಯಾರು ಹೇಳ್ತಾರ?”

ಯಾರೂ ಮಾತಾಡಲಿಲ್ಲ.

ಚೈತ್ರ ವೈಶಾಖಗಳ ನಮ್ಮ ಬಿಸಿಲನ್ನು ಚಿಕ್ಕಿ ಬಚ್ಚಲಮನೆಯ ಒದ್ದೆ ಪರಸಿಯ ಮೇಲೆ ಕಳೆಯಿತು. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಗುವ ನಾಲಗೆಯೇ ಅದರ ಬೀಸಣಿಗೆ. ಈಗ ಅದಕ್ಕೆ ಏಳು ತಿಂಗಳು. ಹಾಲುಹಲ್ಲು ಉದುರಿ 42 ಹಲ್ಲೂ ಬಂದಿವೆ. ಮಗಳ ಕೈಯನ್ನು ಬಾಯಲ್ಲಿ ಹಿಡಿದರೂ ಗುರುತು ಮೂಡುವುದಿಲ್ಲ. ನನ್ನ ಚಪ್ಪಲಿಯ ಸದ್ದಿಗೆ ಓಡಿಬಂದು ಮೈಮೇಲೆ ಬೀಳುತ್ತದೆ.

ಭಾನುವಾರ ಬೆಳಗ್ಗೆ ಮಾತ್ರ, ಸುರುಳಿ ಸುತ್ತಿದ ಪತ್ರಿಕೆ ಪಡಸಾಲೆಗೆ ಬಂದು ಬಿದ್ದೊಡನೆ, ಎದ್ದು ಹೋಗಿ ನನ್ನ ಹೆಂಡತಿಯ ಹಿಂದೆ ನಿಲ್ಲುತ್ತದೆ. ನಾನು ಸುರುಳಿ ಬಿಚ್ಚಿ, ಹಾಳೆಗಳನ್ನು ನೆಲದ ಮೇಲೆ ಹರಡಿ, ಕೈಯಲ್ಲಿ ಹಿಡಿಯದೆ ಬಗ್ಗಿ ಓದುತ್ತೇನೆ. ಎರಡನೆಯ ಪುಟಕ್ಕೆ ಬರುವ ಹೊತ್ತಿಗೆ ಅದು ಮೆಲ್ಲನೆ ಬಂದು ಅಂಚಿನ ಮೇಲೆ ಮಲಗುತ್ತದೆ. ಆ ಅಂಕಣವನ್ನು ಓದುವುದಕ್ಕೆ ಅದು ತಾನಾಗಿ ಏಳುವವರೆಗೆ ಕಾಯುತ್ತೇನೆ.