ಮನೆಯ ಜಗಳ, ಹೊರಗಿನವರ ಪಂಚಾಯಿತಿ

ಹೂಮಳೆ ಬಿದ್ದು ಎಂಟು ದಿನವಾದರೆ ಕೊಡಗಿನ ಪಾಲಿಬೆಟ್ಟದ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಮಲ್ಲಿಗೆಯಂತೆ ಘಮಿಸುವ ಕಾಫಿ, ಅಂಚಿನಲ್ಲಿ ಲೈನ್ ಮನೆಗಳ ಸಾಲು. ಈ ನೋಟದ ಬೇರು 1834ರ ಏಪ್ರಿಲ್‌ನಲ್ಲಿದೆ. ಕೊಡಗು ತನ್ನದೇ ರಾಜ್ಯವಾಗಿ ಉಳಿದ ಕೊನೆಯ ದಿನಗಳು ಅವು.

ಆದರೆ ಕಥೆ ಶುರುವಾದದ್ದು ಅದಕ್ಕೂ ಮೊದಲು. ಕೊಡಗನ್ನಾಳುತ್ತಿದ್ದ ಹಾಲೇರಿ ಮನೆತನದ ದಾಯಾದಿ ಕಲಹದಲ್ಲಿ ಮೈಸೂರಿನ ಹೈದರಾಲಿಯ ನೆರವು ಕೇಳಿದ್ದು ಅರಮನೆಯವರೇ. 1780ರಲ್ಲಿ ದೊರೆ ಲಿಂಗರಾಜ ತೀರಿಕೊಂಡಾಗ, ಅವನ ಎಳೆಯ ಮಕ್ಕಳ ಪೋಷಕ ತಾನೆಂದು ಹೈದರ್ ನಾಡನ್ನೇ ಹಿಡಿದುಕೊಂಡ. 1788ರಲ್ಲಿ ಪಿರಿಯಾಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡ ಲಿಂಗರಾಜನ ಮಗ ದೊಡ್ಡ ವೀರರಾಜೇಂದ್ರ, ಹೈದರನ ಮಗ ಟಿಪ್ಪುವನ್ನು ಎದುರಿಸಲು 1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕೈ ಹಿಡಿದ. ಕೊಡಗಿನ ಸ್ವಾತಂತ್ರ್ಯ ಕಾಯುವುದಾಗಿ ಕಂಪನಿ ಮಾತು ಕೊಟ್ಟಿತು.

ಆ ಮಾತು ಬಾಳಿದ್ದು 44 ವರ್ಷ. ದೊರೆ ಚಿಕ್ಕವೀರರಾಜೇಂದ್ರನಿಗೆ ಹೆದರಿ 1832ರಲ್ಲಿ ಅವನ ತಂಗಿ ದೇವಮ್ಮಾಜಿ, ಗಂಡನೊಡನೆ ಮೈಸೂರಿಗೆ ಓಡಿದಳು. ಅವರನ್ನು ಒಪ್ಪಿಸಲು ಕಂಪನಿ ನಿರಾಕರಿಸಿತು, ಜಗಳ ಯುದ್ಧವಾಯಿತು. ಉತ್ತರದ ಗಡಿಯಲ್ಲಿ ಕೊಡಗಿನ ಪಡೆ ಕಂಪನಿಯ ಒಂದು ದಂಡನ್ನು ಹಿಮ್ಮೆಟ್ಟಿಸಿತು. ಆದರೂ 1834ರ ಏಪ್ರಿಲ್ 6ರಂದು ಕಂಪನಿಯ ಕರ್ನಲ್ ಫ್ರೇಸರ್ ಮಡಿಕೇರಿ ಹೊಕ್ಕ. ಜನರೆಲ್ಲರ ಇಚ್ಛೆಯಂತೆ ನಾಡನ್ನು ಸೇರಿಸಿಕೊಂಡೆವೆಂದು ಕಂಪನಿ ಸಾರಿತು.

ಜನರ ಇಚ್ಛೆ ಏನೆಂಬುದು ಮೂರೇ ವರ್ಷಕ್ಕೆ ಬಯಲಾಯಿತು. ಕಂಪನಿಯವರು ಅಮರ ಸುಳ್ಯ, ಪುತ್ತೂರನ್ನು ಕೊಡಗಿನಿಂದ ಕಿತ್ತು ಕೆನರಾ ಜಿಲ್ಲೆಗೆ ಸೇರಿಸಿದರು. ಬೆಳೆಯ ರೂಪದ ಕಂದಾಯವನ್ನು ನಗದು ಮಾಡಿದರು. ರೈತರು ದಂಗೆಯೆದ್ದು 1837ರ ಏಪ್ರಿಲ್‌ನಲ್ಲಿ ಮಂಗಳೂರನ್ನೇ ಗೆದ್ದರು. ಆದರೆ ಕೊಡಗು ಆಗಲೂ ಎರಡಾಗಿತ್ತು. ದಂಗೆ ಅಡಗಿಸಲು ನೆರವಾದವರಿಗೆ ಕಂಪನಿಯ ಪದಕ ಸಿಕ್ಕಿತು. ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರಿಗೆ ಅಕ್ಟೋಬರ್ 31ರಂದು ಮಡಿಕೇರಿ ಕೋಟೆಯಲ್ಲಿ ನೇಣು.

1852ರಲ್ಲಿ ಪದಚ್ಯುತ ರಾಜ ಚಿಕ್ಕವೀರರಾಜೇಂದ್ರ, ಮಗಳು ಗೌರಮ್ಮನೊಡನೆ ಲಂಡನ್ನಿಗೆ ಹೋಗಿ, ಕಂಪನಿಯಲ್ಲಿದ್ದ ತನ್ನ ಹಣಕ್ಕಾಗಿ ದಾವೆ ಹೂಡಿದ. ಹಣ ಕೈಸೇರಲಿಲ್ಲ, 1859ರಲ್ಲಿ ಅಲ್ಲೇ ಕಣ್ಮುಚ್ಚಿದ. ಅಷ್ಟರಲ್ಲಿ, 1854ರಿಂದಲೇ, ಬಿಳಿಯರ ಕಾಫಿ ತೋಟಗಳು ಕೊಡಗಿನ ಕಾಡನ್ನು ಸೀಳತೊಡಗಿದ್ದವು.

ದೊರೆ ಕ್ರೂರಿಯಾಗಿದ್ದ, ನಿಜ. ಅವನನ್ನು ತಿದ್ದುವ, ಇಳಿಸುವ ಹಕ್ಕು ಈ ಮಣ್ಣಿನ ಜನರದಾಗಿತ್ತು. ಕುಲದ ಮೂಲಮನೆಯಾದ ಐನ್‌ಮನೆಯಲ್ಲಿ ಹಿರಿಯರ ಮುಂದೆ ತೀರಬೇಕಾದ ವ್ಯಾಜ್ಯಕ್ಕೆ ಹೊರಗಿನವರನ್ನು ಕರೆದರೆ, ತೀರ್ಪು ಹೇಳಿ ಅವರು ಎದ್ದು ಹೋಗುವುದಿಲ್ಲ. ಮನೆಯಲ್ಲೇ ಉಳಿಯುತ್ತಾರೆ.